ನಿದಾಲ್‌ನ ಬಲಗಾಲು

ಏಪ್ರಿಲ್‌ನ ಒಂದು ಶನಿವಾರ ಸಂಜೆ ಐದೂವರೆಗೆ, ಟ್ಯೂನಿಸ್ ನಗರದ ಪಕ್ಕದ ಹಮ್ಮಾಮ್ ಲಿಫ್‌ನ ಕಡಲ ಬದಿಯ ಸಭಾಂಗಣದಲ್ಲಿ, ಮಕ್ರಮ್ ಶೆಲ್ಲಿ ವೇದಿಕೆಯ ಪಕ್ಕದಲ್ಲಿದ್ದ ತನ್ನ ಲ್ಯಾಪ್‌ಟಾಪಿನ ಮೇಲೆ ಬಗ್ಗಿ, ಡ್ರಮ್ ಬಾರಿಸುವ ನಿದಾಲ್‌ನ ಕಿವಿಗೆ ಹೋಗುವ ಬೇಸ್ ಗಿಟಾರಿನ ಸದ್ದನ್ನು ಸೊನ್ನೆಗೆ ಇಳಿಸಿದ. ಎಲ್ಲ ಹಾಡುಗಳಿಗೂ ಅಲ್ಲ, ಕೊನೆಯ ಹಾಡಿಗೆ ಮಾತ್ರ. ಯಾರೂ ನೋಡಲಿಲ್ಲ. ನಿದಾಲ್ ಹಿಂಬಾಗಿಲ ಹೊರಗೆ ಸಿಗರೇಟು ಸೇದುತ್ತಿದ್ದ. ಬೇಸ್ ಬಾರಿಸುವ ಓಲ್ಫಾ ಅವನ ಪಕ್ಕದಲ್ಲಿ ನಿಂತು ಫ್ರಿಕಾಸೆ ಎಂಬ ಕರಿದ ಬನ್ನು ತಿನ್ನುತ್ತಿದ್ದಳು. ಅವರಿಬ್ಬರೂ ಯಾವುದಕ್ಕೋ ನಗುತ್ತಿದ್ದುದು ಒಳಗಿನವರೆಗೆ ಕೇಳಿಸುತ್ತಿತ್ತು.

ತಂಡದ ಹೆಸರು ಸಬ್ಖಾ, ಅಂದರೆ ಉಪ್ಪಿನ ಬಯಲು. ಅದನ್ನು ಕಟ್ಟಿದವರು ಮಕ್ರಮ್ ಮತ್ತು ನಿದಾಲ್, ಎಝ್ಝಹ್ರಾದ ಹೈಸ್ಕೂಲಿನ ಒಂದೇ ಬೆಂಚಿನವರು. ಮಕ್ರಮ್ ಏಳು ತಂತಿಯ ಗಿಟಾರ್ ಬಾರಿಸುತ್ತಿದ್ದ, ಹಾಡುಗಳನ್ನು ಕಟ್ಟುತ್ತಿದ್ದ. ನಿದಾಲ್ ಅಪ್ಪನ ಟಯರ್ ಅಂಗಡಿಯಲ್ಲಿ ಹಳೆಯ ಟಯರುಗಳ ಮೇಲೆ ಬಡಿದು ಕೈ ಪಳಗಿಸಿಕೊಂಡವನು. ಅವರು ನುಡಿಸುತ್ತಿದ್ದ ಪ್ರೋಗ್ರೆಸಿವ್ ಮೆಟಲ್ ಕುಣಿಯುವ ಸಂಗೀತವಲ್ಲ. ಹತ್ತು ನಿಮಿಷದ ಹಾಡು, ದಾರಿಯುದ್ದಕ್ಕೂ ಬದಲಾಗುವ ತಾಳ. ಗಿಟಾರ್ ಏಳೇಳು ಎಣಿಸುತ್ತ ಹೋಗುತ್ತದೆ, ಕೆಳಗೆ ಡ್ರಮ್ ನಾಲ್ಕು ನಾಲ್ಕು ಎಣಿಸುತ್ತಿರುತ್ತದೆ. ಇಪ್ಪತ್ತೆಂಟನೆಯ ಪೆಟ್ಟು ಮುಗಿದಾಗ ಇಬ್ಬರೂ ಮತ್ತೆ ಒಂದೇ ಮನೆಯಲ್ಲಿ ಸಿಗುತ್ತಾರೆ. ಅಲ್ಲಿಯವರೆಗೆ ಕೇಳುವವನ ಕಾಲು ಎಲ್ಲಿ ಊರಬೇಕು ಎಂಬುದನ್ನು ತೀರ್ಮಾನಿಸುವುದು ಬೇಸ್. ಅದು ಗಿಟಾರಿನ ಜೊತೆ ಹೋದರೆ ಹಾಡು ಗಿಟಾರಿನದು. ಡ್ರಮ್ಮಿನ ಜೊತೆ ಹೋದರೆ ಗಿಟಾರ್ ಒಂಟಿಯಾಗಿ ಮೇಲೆ ತೇಲುತ್ತದೆ.

ಮೊದಲು ಬೇಸ್ ಬಾರಿಸುತ್ತಿದ್ದ ಲಸ್ಸಾದ್ ಗಿಟಾರಿನ ನೆರಳಾಗಿದ್ದ. ಮಕ್ರಮ್ ಬಾರಿಸಿದ್ದನ್ನೇ ಮಂದ್ರದಲ್ಲಿ ಬಾರಿಸುತ್ತಿದ್ದ. ಹಾಗಾಗಿ ನಿದಾಲ್‌ನ ಕಾಲೂ ಗಿಟಾರಿನ ಹಿಂದೆಯೇ ಬರುತ್ತಿತ್ತು. ಲಸ್ಸಾದ್ ಮದುವೆಯಾಗಿ ಸೂಸ್‌ಗೆ ಹೋದ ಮೇಲೆ ಓಲ್ಫಾ ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ, ಕೆಂಪು ಐದು ತಂತಿಯ ಬೇಸ್, ಮಾತಿಗೆ ಬೇಲಿಯಿಲ್ಲ.

ಮೊದಲ ದಿನವೇ ಮಕ್ರಮ್ ಅವಳಿಗೆ ಹೇಳಿದ್ದ: "ನೀನು ನನ್ನ ಎಡಗೈ ನೋಡ್ತಾ ಇರು. ನಾನು ಬಾರ್ಸಿದ್ದನ್ನೇ ಕೆಳಗಿನ ಸ್ಥಾಯಿಲಿ ಬಾರ್ಸಿದ್ರೆ ಸಾಕು."

"ನೀನು ಬಾರ್ಸಿದ್ದನ್ನೇ ನಾನೂ ಬಾರ್ಸೋದಾದ್ರೆ ನಾನ್ಯಾಕೆ ರೈಲು ಹತ್ತಿ ಬರ್ಬೇಕಿತ್ತು, ಖೂಯಾ?"

ಖೂಯಾ ಎಂದರೆ ನಮ್ಮಣ್ಣ. ಜಗಳಕ್ಕೆ ಇಳಿಯುವಾಗ ಎಝ್ಝಹ್ರಾದವರು ಆ ಪದವನ್ನು ಸ್ವಲ್ಪ ಎಳೆದು ಹೇಳುತ್ತಾರೆ. ಅವಳೂ ಎಳೆದಳು. ಆಮೇಲೆ ಕುರ್ಚಿಯನ್ನು ಮಕ್ರಮ್ ಕಡೆಯಿಂದ ತಿರುಗಿಸಿ ಡ್ರಮ್ಮಿನ ಹತ್ತಿರ ಎಳೆದುಕೊಂಡು ಹೋಗಿ ಕೂತಳು.

"ಬಲಗಾಲು ಕಾಣೋ ಹಾಗೆ ಕೂತ್ಕೋ," ಎಂದಳು ನಿದಾಲ್‌ಗೆ.

"ಯಾಕಮ್ಮಾ, ಲಾಳ ಹೊಡಿಯೋಕೆ ಬಂದ್ಯಾ?"

"ಕುಂಟ್ತಿದ್ರೆ ಹೊಡೀತೀನಿ. ಮೊದ್ಲು ಬಾರ್ಸು, ನೋಡಣ."

ನಿದಾಲ್ ಬಾರಿಸಿದ. ಅವನ ಬಲಗಾಲು ದೊಡ್ಡ ಡ್ರಮ್ಮಿನ ಪೆಡಲ್ ಮೇಲೆ ಬಿದ್ದ ಕಡೆಯೆಲ್ಲ ಅವಳ ಬೆರಳು ಬಿತ್ತು. ಅವನು ಒಂದು ಪೆಟ್ಟನ್ನು ಬೇಕೆಂದೇ ತಪ್ಪಿಸಿದ. ಅವಳೂ ಅಲ್ಲಿ ಖಾಲಿ ಬಿಟ್ಟಳು. ನಿದಾಲ್ ತಲೆ ಹಿಂದಕ್ಕೆ ಹಾಕಿ ನಕ್ಕ. ಹೈಸ್ಕೂಲಿನ ಕಾಲದಿಂದ ಮಕ್ರಮ್ ಆ ನಗುವನ್ನು ಬಲ್ಲ. ತಾನು ಒಂದು ಹೊಸ ಸಾಲು ಕಟ್ಟಿ ಬಾರಿಸಿ ತೋರಿಸಿದಾಗ ಬರುತ್ತಿದ್ದ ನಗು ಅದು.

ಅಭ್ಯಾಸ ನಡೆಯುತ್ತಿದ್ದುದು ಮಕ್ರಮ್‌ನ ಮನೆಯ ಕೆಳಗಿನ ಗ್ಯಾರೇಜಿನಲ್ಲಿ. ಮೇಲಿನ ಅಡುಗೆಮನೆಯಲ್ಲಿ ಅವನ ತಾಯಿ ಲೆಲ್ಲಾ ಮೊಂಜಿಯಾ ಇಷ್ಟು ವರ್ಷವೂ ಅಭ್ಯಾಸ ಶುರುವಾದ ಕೂಡಲೇ ಕಿಟಕಿ ಮುಚ್ಚುತ್ತಿದ್ದಳು. ಈ ಚಳಿಗಾಲದಲ್ಲಿ ಒಂದು ಭಾನುವಾರ ಮಕ್ರಮ್ ನೀರಿಗೆಂದು ಮೇಲೆ ಹೋದಾಗ ಕಿಟಕಿ ತೆರೆದಿತ್ತು. ತಾಯಿ ಬಟಾಣಿ ಸುಲಿಯುತ್ತ ಕೂತಿದ್ದಳು. ಚಪ್ಪಲಿಯ ತುದಿ ನೆಲಕ್ಕೆ ಬಡಿಯುತ್ತಿತ್ತು.

"ಕಿಟಕಿ ಹಾಕಿಲ್ವಾ, ಯಮ್ಮಾ?"

"ಆ ಹುಡುಗಿ ಬಾರ್ಸೋದು ಕಾಲಿಗೆ ಬರುತ್ತೆ ಕಣೋ. ನೆಲದಿಂದ ಬರುತ್ತೆ. ಚೆನ್ನಾಗಿದೆ."

"ನಂದು?"

ತಾಯಿ ಒಂದು ಕ್ಷಣ ಯೋಚಿಸಿದಳು. ಅವಳು ಸುಳ್ಳು ಹೇಳುವವಳಲ್ಲ. "ನಿಂದು ಹಲ್ಲಿಗೆ ಬರುತ್ತೆ, ಮಗನೇ."

ಅಭ್ಯಾಸ ಮುಗಿದ ಮೇಲೆ ಮಕ್ರಮ್ ಮತ್ತು ನಿದಾಲ್ ರೈಲು ನಿಲ್ದಾಣದ ಪಕ್ಕದ ಅಂಗಡಿಗೆ ಲಬ್ಲಾಬಿ ತಿನ್ನಲು ಹೋಗುವುದು ರೂಢಿ. ಹಳೆಯ ಬ್ರೆಡ್ಡನ್ನು ಬಟ್ಟಲಿಗೆ ಮುರಿದುಕೊಂಡು, ಅದರ ಮೇಲೆ ಬಿಸಿ ಕಡಲೆಯ ಸಾರು ಹೊಯ್ಯಿಸಿಕೊಂಡು, ಹರೀಸಾ ಖಾರ ಕಲಸುತ್ತ ಆ ದಿನದ ಹಾಡಿನ ಬಗ್ಗೆ ಮಾತು. ಈಗ ನಿದಾಲ್ ಮತ್ತು ಓಲ್ಫಾ ಅಭ್ಯಾಸವಾದ ಮೇಲೂ ಗ್ಯಾರೇಜಿನಲ್ಲಿ ಉಳಿಯತೊಡಗಿದರು. ಬೇಸ್ ಮತ್ತು ಡ್ರಮ್ ಎರಡೇ. "ನೀನು ಹೋಗಿ ಜಾಗ ಹಿಡಿ, ಬಂದ್ವಿ," ಎನ್ನುತ್ತಿದ್ದ ನಿದಾಲ್. ಮಕ್ರಮ್ ಹೋಗಿ ಜಾಗ ಹಿಡಿಯುತ್ತಿದ್ದ. ಅವರು ಬರುವಾಗ ಅವನ ಬಟ್ಟಲು ಖಾಲಿಯಾಗಿರುತ್ತಿತ್ತು. ಬಂದ ಮೇಲೂ ಇಬ್ಬರೂ ಬ್ರೆಡ್ ಮುರಿಯುವುದನ್ನು ಬಿಟ್ಟು ಮೇಜಿನ ಮೇಲೆ ಬೆರಳಿನಿಂದ ತಾಳ ಕುಟ್ಟುತ್ತಿದ್ದರು.

"ಇಲ್ಲಿ ಸುಮ್ನಿರು. ಇಲ್ಲಿ ಏನೂ ಬಾರಿಸ್ಬೇಡ," ಎನ್ನುತ್ತಿದ್ದಳು ಓಲ್ಫಾ.

"ಏನೂ ಬಾರಿಸ್ದೆ ಇದ್ರೆ ಜನಕ್ಕೆ ಹೆಂಗೆ ಗೊತ್ತಾಗ್ಬೇಕು?"

"ನಾನೂ ಬಾರ್ಸಲ್ಲ. ಇಬ್ರೂ ಒಟ್ಟಿಗೆ ಬಾರಿಸ್ದೆ ಇದ್ರೆ ಗೊತ್ತಾಗುತ್ತೆ."

ಹಾಡುಗಾರ ಗಸ್ಸಾನ್ ಒಮ್ಮೆ ಕೇಳಿದ: "ಮದ್ವೆ ಯಾವಾಗಪ್ಪಾ? ಕುಸ್ಕುಸ್‌ಗೆ ಕುರಿ ನಾನು ಕೊಡಿಸ್ತೀನಿ." ಓಲ್ಫಾ ಅವನ ತಲೆಗೆ ಚಮಚದಿಂದ ಹೊಡೆದಳು. ಅವಳಿಗೆ ಸ್ಫ಼ಾಕ್ಸ್‌ನ ಒಬ್ಬ ಇಂಜಿನಿಯರ್ ಜೊತೆ ನಿಶ್ಚಯವಾಗಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಮಕ್ರಮ್‌ಗೂ ಗೊತ್ತಿತ್ತು. ಅದು ಪ್ರೇಮವಾಗಿದ್ದಿದ್ದರೆ ಅವನಿಗೆ ಇಷ್ಟು ಉರಿಯುತ್ತಿರಲಿಲ್ಲ. ಗೆಳೆಯ ಪ್ರೇಮಿಸಿದರೆ ಸ್ವಲ್ಪ ದಿನ ದೂರವಾಗಿ ಮತ್ತೆ ಬರುತ್ತಾನೆ. ಇಲ್ಲಿ ಹೋದದ್ದು ನಿದಾಲ್‌ನ ಬಲಗಾಲು. ಅದು ಪ್ರತಿ ಭಾನುವಾರವೂ ಗ್ಯಾರೇಜಿಗೆ ಬರುತ್ತಿತ್ತು, ಮಕ್ರಮ್‌ನಿಂದ ಮೂರು ಹೆಜ್ಜೆ ದೂರದಲ್ಲೇ ಇತ್ತು, ಆದರೆ ಅವನ ಜೊತೆ ಇರಲಿಲ್ಲ.

ಫೆಬ್ರವರಿಯಲ್ಲಿ ಅವರು "ಏಳನೆಯ ಬಾವಿ" ಎಂಬ ಹಾಡನ್ನು ಸಿದ್ಧಪಡಿಸಿದರು. ಮಕ್ರಮ್ ಕಟ್ಟಿದ್ದು. ನಡುವೆ ಅವನದೇ ಒಂದು ದೀರ್ಘ ಗಿಟಾರ್ ಭಾಗವಿತ್ತು. ಒಂದು ಭಾನುವಾರ ಅವನ ತಂತಿ ಕಡಿಯಿತು. ಅವನು ಹೊಸದನ್ನು ಹಾಕುವಷ್ಟು ಹೊತ್ತು ಉಳಿದವರು ನಿಲ್ಲಿಸಲಿಲ್ಲ. ಆ ಭಾಗವನ್ನು ಬೇಸ್ ಮತ್ತು ಡ್ರಮ್ ಎರಡೇ ಬಾರಿಸಿದವು. ಗಸ್ಸಾನ್ ಅದನ್ನು ಫೋನಿನಲ್ಲಿ ಚಿತ್ರೀಕರಿಸಿ ಇಂಟರ್ನೆಟ್ಟಿಗೆ ಹಾಕಿದ. ಎರಡು ದಿನದೊಳಗೆ ಕೆಳಗೆ ಬಂದ ಮಾತುಗಳಲ್ಲಿ ಗಿಟಾರಿನ ಬಗ್ಗೆ ಇದ್ದದ್ದು ಒಂದೇ: ಮೂಲೆಯಲ್ಲಿ ತಂತಿ ಕಟ್ಟುತ್ತ ಕೂತಿರುವವನು ಯಾರು?

ಮುಂದಿನ ಭಾನುವಾರ ಗಸ್ಸಾನ್ ಹೇಳಿದ, "ಅಲ್ಲಿ ಗಿಟಾರ್ ಬೇಡ. ಆಮೇಲೆ ಗಿಟಾರ್ ವಾಪಸ್ ಬಂದಾಗ ಮಜಾ ಬರುತ್ತೆ."

"ಅದು ನನ್ನ ಹಾಡು," ಎಂದ ಮಕ್ರಮ್.

"ಯಾರು ಅಲ್ಲ ಅಂದ್ರು? ಬಾವಿ ನಿಂದೇ, ನೀರು ಸೇದೋರು ನಾವು," ಎಂದಳು ಓಲ್ಫಾ.

ಮಕ್ರಮ್ ನಿದಾಲ್ ಕಡೆ ನೋಡಿದ. ನಿದಾಲ್ ಡ್ರಮ್ಮಿನ ಒಂದು ತಿರುಪನ್ನು ಬಿಗಿ ಮಾಡುತ್ತಿದ್ದ. ತಲೆ ಎತ್ತದೆಯೇ ಹೇಳಿದ: "ಚೆನ್ನಾಗಿರುತ್ತೆ, ಮಕ್ರಮ್. ಒಂದ್ಸಲ ವೇದಿಕೆ ಮೇಲೆ ನೋಡಣ. ಕೈ ಕೊಟ್ರೆ ನಿನ್ನ ಭಾಗ ನಿನಗೆ ವಾಪಸ್."

ಕೈ ಕೊಟ್ಟರೆ ವಾಪಸ್. ಮಕ್ರಮ್ ಹಿಡಿದುಕೊಂಡದ್ದು ಆ ಮಾತನ್ನು.

ವೇದಿಕೆಯ ಮೇಲೆ ಸಬ್ಖಾದವರು ಪರಸ್ಪರ ಕೇಳಿಸಿಕೊಳ್ಳುವುದು ಕಿವಿಯೊಳಗೆ ತುರುಕಿಕೊಂಡ ಇಯರ್‌ಫೋನಿನಲ್ಲಿ. ಯಾರಿಗೆ ಯಾವ ವಾದ್ಯ ಎಷ್ಟು ಕೇಳಿಸಬೇಕು ಎಂಬುದನ್ನು ಮಕ್ರಮ್‌ನ ಲ್ಯಾಪ್‌ಟಾಪ್ ಹಂಚುತ್ತದೆ. ಪ್ರತಿ ಹಾಡಿಗೂ ಬೇರೆ ಬೇರೆ ಪ್ರಮಾಣ. ಅದರ ಜೊತೆಗೆ ಕ್ಲಿಕ್. ಅದು ಕಂಪ್ಯೂಟರ್ ಹಾಕುವ ತಾಳ, ಟಿಕ್ ಟಿಕ್ ಎಂದು ಅವರ ಕಿವಿಗೆ ಮಾತ್ರ ಕೇಳಿಸುತ್ತದೆ, ಸಭೆಗೆ ಕೇಳಿಸುವುದಿಲ್ಲ. ಕ್ಲಿಕ್ ತಂದವನು ಮಕ್ರಮ್. "ನಾವು ಸುಳ್ಳು ಹೇಳ್ಬಹುದು, ಕ್ಲಿಕ್ ಹೇಳಲ್ಲ," ಎಂದು ಅವನು ಎಷ್ಟು ಸಲ ಹೇಳಿದ್ದನೆಂದರೆ ಗಸ್ಸಾನ್ ಅವನ ದನಿಯಲ್ಲೇ ಅದನ್ನು ಅಣಕಿಸುತ್ತಿದ್ದ.

ಅವನ ಲೆಕ್ಕ ಸರಳವಾಗಿತ್ತು. ಆ ನಡುವಿನ ಭಾಗದಲ್ಲಿ ನಿದಾಲ್‌ಗೆ ಬೇಸ್ ಕೇಳಿಸದಿದ್ದರೆ ಅವನು ಬರೀ ಕ್ಲಿಕ್ ಹಿಡಿದು ಮರದ ಕೊರಡಿನಂತೆ ಬಾರಿಸುತ್ತಾನೆ, ಇಲ್ಲವೇ ಇಬ್ಬರೂ ಒಬ್ಬರನ್ನೊಬ್ಬರು ಕಳೆದುಕೊಳ್ಳುತ್ತಾರೆ. ಎರಡರಲ್ಲಿ ಯಾವುದಾದರೂ ಸರಿ. ಭಾಗ ವಾಪಸ್ ಬರುತ್ತದೆ, ಭಾಗದ ಜೊತೆ ನಿದಾಲ್ ಕೂಡ.

ಸಭಾಂಗಣ ತುಂಬಿತ್ತು. ಟ್ಯೂನಿಸ್‌ನಿಂದ ಬಂದ ರೈಲು ಕಪ್ಪು ಅಂಗಿಯ ಹುಡುಗ ಹುಡುಗಿಯರನ್ನು ಇಳಿಸಿ ಹೋಗಿತ್ತು. ಮೊದಲ ನಾಲ್ಕು ಹಾಡುಗಳು ತೊಂದರೆಯಿಲ್ಲದೆ ಮುಗಿದವು. ಗಸ್ಸಾನ್ ಮೈಕಿನಲ್ಲಿ "ಏಳನೆಯ ಬಾವಿ" ಎಂದಾಗ ಮುಂದಿನ ಸಾಲಿನಿಂದ ಯಾರೋ ಓಲ್ಫಾಳ ಹೆಸರು ಕೂಗಿದರು. ಮಕ್ರಮ್ ಗಿಟಾರಿನ ಪಟ್ಟಿಯನ್ನು ಸರಿಮಾಡಿಕೊಂಡ.

ಹಾಡು ಶುರುವಾಯಿತು. ಮೂರನೆಯ ಆವರ್ತ ಮುಗಿಯುವ ಮುಂಚೆಯೇ ಅವನಿಗೆ ಗೊತ್ತಾಯಿತು. ನಿದಾಲ್‌ನ ಕಾಲು ಗಿಟಾರಿನ ಜೊತೆಗಿತ್ತು. ಬೇಸ್ ಕಿವಿಯಲ್ಲಿ ಇಲ್ಲದೆ ಹಿಡಿಯಲು ಬೇರೇನೂ ಸಿಗದ ನಿದಾಲ್ ಗಿಟಾರನ್ನೇ ಹಿಡಿದಿದ್ದ. ಮಕ್ರಮ್ ಏಳು ಎಣಿಸಿದರೆ ಡ್ರಮ್ಮೂ ಏಳು ಎಣಿಸಿತು, ಅವನು ಒತ್ತಿದಲ್ಲಿ ಒತ್ತಿತು. ಲಸ್ಸಾದ್ ಇದ್ದ ಕಾಲದ ಹಾಗೆ. ಪಕ್ಕದಲ್ಲಿ ಓಲ್ಫಾ ಎರಡು ಸಲ ನಿದಾಲ್ ಕಡೆ ತಿರುಗಿ ಹುಬ್ಬು ಗಂಟಿಕ್ಕಿದ್ದನ್ನು ಅವನು ಓರೆಗಣ್ಣಿನಲ್ಲಿ ನೋಡಿದ. ಹಿಂದಿನ ಹಾಡುಗಳಲ್ಲಿ ಮಿಸುಕದೆ ನಿಂತಿದ್ದ ಮಕ್ರಮ್ ಈಗ ವೇದಿಕೆಯ ತುದಿಯವರೆಗೆ ಹೋಗಿ ಒಂದು ಕಾಲನ್ನು ಸ್ಪೀಕರ್ ಪೆಟ್ಟಿಗೆಯ ಮೇಲಿಟ್ಟು ಬಾರಿಸಿದ. ನಾಲ್ಕು ನಿಮಿಷದ ಮಟ್ಟಿಗೆ ಎಲ್ಲ ಮೊದಲಿನಂತಾಗಿತ್ತು.

ನಂತರ ನಡುವಿನ ಭಾಗ ಬಂತು. ಗಿಟಾರ್ ನಿಂತಿತು.

ನಿದಾಲ್‌ನ ಕಿವಿಯಲ್ಲಿ ಈಗ ಉಳಿದದ್ದು ಅವನದೇ ಡ್ರಮ್ ಮತ್ತು ಕ್ಲಿಕ್. ಅವನು ಮೊದಲ ಆವರ್ತವನ್ನು ಹಾಗೇ ಬಾರಿಸಿದ. ಎರಡನೆಯದರ ನಡುವೆ ಎಡಗೈಯ ಕೋಲನ್ನು ಬಾಯಲ್ಲಿ ಕಚ್ಚಿ, ಎರಡೂ ಇಯರ್‌ಫೋನುಗಳನ್ನು ಕಿತ್ತು ಹೆಗಲ ಮೇಲೆ ಬಿಟ್ಟ. ಓಲ್ಫಾಳ ಬೇಸಿನ ಸ್ಪೀಕರ್ ಪೆಟ್ಟಿಗೆ ಅವನ ಬೆನ್ನ ಹಿಂದೆಯೇ ಇತ್ತು. ವೇದಿಕೆಯ ಹಲಗೆಯಿಂದ, ಕೂತ ಸ್ಟೂಲಿನಿಂದ, ಅದು ಅವನಿಗೆ ಬಂತು. ಅವನ ಕಿವಿ ಖಾಲಿಯಾದದ್ದನ್ನು ಓಲ್ಫಾ ನೋಡಿದಳು. ತನ್ನವನ್ನೂ ಕಿತ್ತಳು. ಅವನ ಬಲಗಾಲಿನ ಹತ್ತಿರ ಹೋಗಿ ನಿಂತಳು.

ಆಗ ಅವರಿಬ್ಬರಿಗೂ ಕ್ಲಿಕ್ ಇರಲಿಲ್ಲ. ಲಯ ಸ್ವಲ್ಪ ಮುಂದಕ್ಕೆ ಓಡಿತು, ಒಂದು ಕಡೆ ಉಸಿರು ಹಿಡಿದು ನಿಂತಿತು, ಮತ್ತೆ ಓಡಿತು. ಇಬ್ಬರೂ ಒಟ್ಟಿಗೇ ಓಡಿದರು, ಒಟ್ಟಿಗೇ ನಿಂತರು. ಏನೂ ಬಾರಿಸದೆ ಇರುವ ಜಾಗ ಬಂದಾಗ ಸಭೆಯೂ ಉಸಿರು ಬಿಡಲಿಲ್ಲ.

ಮಕ್ರಮ್ ಸಭೆಯ ಕಡೆ ಮುಖ ಮಾಡಿ ನಿಂತಿದ್ದ, ಹಿಂದೆ ತಿರುಗಿ ನೋಡಲಿಲ್ಲ. ಅವನ ಕಿವಿಯಲ್ಲಿ ಕ್ಲಿಕ್ ಸ್ಪಷ್ಟವಾಗಿತ್ತು. ಡ್ರಮ್ಮಿನ ಸದ್ದು ಕ್ಲಿಕ್‌ನಿಂದ ಜಾರುತ್ತಿರುವುದೂ ಕೇಳಿಸುತ್ತಿತ್ತು. ತನ್ನ ಲೆಕ್ಕ ಸರಿಯಾಯಿತು, ಇಬ್ಬರೂ ದಾರಿ ತಪ್ಪಿದ್ದಾರೆ ಎಂದುಕೊಂಡ. ತಾನು ಒಳಬರುವ ಜಾಗವನ್ನು ಕ್ಲಿಕ್ ಹಿಡಿದು ಎಣಿಸಿ, ಸರಿಯಾದ ಪೆಟ್ಟಿನಲ್ಲಿ ಗಿಟಾರ್ ಬಾರಿಸತೊಡಗಿದ.

ಅಷ್ಟರಲ್ಲಿ ಡ್ರಮ್ ಮತ್ತು ಬೇಸ್ ಆ ಜಾಗವನ್ನು ದಾಟಿ ಸುಮಾರು ಒಂದು ಪೆಟ್ಟು ಮುಂದೆ ಹೋಗಿದ್ದವು.

ಸರಿಪಡಿಸಿಕೊಳ್ಳಲು ಸಮಯವಿತ್ತು. ಅರ್ಧ ಆವರ್ತ ಕೈ ತಡೆದು, ಮುಂದಿನ ತಿರುವಿನಲ್ಲಿ ಅವರ ಜೊತೆ ಸೇರಿಕೊಳ್ಳಬಹುದಿತ್ತು. ಎಂತಹ ಗಿಟಾರಿಗನಿಗೂ ಅದು ಗೊತ್ತು. ಮಕ್ರಮ್ ತಡೆಯಲಿಲ್ಲ. ಅವನು ಸರಿಯಿದ್ದ. ನಿದಾಲ್ ಗಿಟಾರನ್ನು ಕೇಳುತ್ತಾನೆ, ಅವಳನ್ನು ಬಿಟ್ಟು ಇತ್ತ ಬರುತ್ತಾನೆ ಎಂದು ಕಾದ. ಒಂದು ಆವರ್ತ ಕಾದ, ಇನ್ನೊಂದು ಕಾದ. ಇಡೀ ಸಭಾಂಗಣದಲ್ಲಿ ತಾಳಕ್ಕೆ ಸರಿಯಾಗಿ ಬಾರಿಸುತ್ತಿದ್ದವನು ಅವನೊಬ್ಬನೇ. ಕೇಳುವವರಿಗೆ ತಪ್ಪಾಗಿ ಕೇಳಿಸುತ್ತಿದ್ದವನೂ ಅವನೊಬ್ಬನೇ.

ಗಸ್ಸಾನ್ ಮೈಕನ್ನು ಕೆಳಗಿಳಿಸಿ ಅವನ ಕಿವಿಯ ಹತ್ತಿರ ಅರಚಿದ: "ಏನೋ ಮಾಡ್ತಿದ್ದೀಯಾ? ಹಿಂದೆ ನೋಡೋ!"

ಮಕ್ರಮ್ ತಿರುಗಿದ. ಇಬ್ಬರ ಬರಿಗಿವಿಗಳೂ ಕಂಡವು. ನಿದಾಲ್ ಅವನ ಕಡೆ ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿದ್ದ.

ಸಭೆಯ ಹಿಂದುಗಡೆ ಮೇಜಿನ ಬಳಿ ಕೂತಿದ್ದ ಸೌಂಡ್‌ನವನಿಗೆ ವೇದಿಕೆಯ ಜಗಳ ಗೊತ್ತಿರಲಿಲ್ಲ. ಒಂದು ವಾದ್ಯ ಉಳಿದೆರಡಕ್ಕೆ ಹೊಂದುತ್ತಿಲ್ಲ ಎಂಬುದಷ್ಟೇ ಅವನಿಗೆ ಕೇಳಿಸಿತು. ಇಂಥ ಹೊತ್ತಿನಲ್ಲಿ ಯಾರೂ ಡ್ರಮ್ಮನ್ನೂ ಬೇಸನ್ನೂ ಇಳಿಸುವುದಿಲ್ಲ. ಅವನು ಗಿಟಾರನ್ನು ಇಳಿಸಿದ. ಹಾಡು ಹಾಗೆಯೇ ಮುಗಿಯಿತು. ಮಕ್ರಮ್ ಕೊನೆಯವರೆಗೂ ಬಾರಿಸಿದ. ಅದು ಅವನ ಕಿವಿಯ ಹೊರಗೆ ಎಲ್ಲಿಗೂ ಹೋಗಲಿಲ್ಲ. ಜನ ಎದ್ದು ನಿಂತು ಕೂಗಿದರು. ಗಿಟಾರ್ ತಾಳ ತಪ್ಪಿ ಬಂದು ಮುಳುಗಿದ್ದು ಹಾಡಿನದೇ ಉಪಾಯವೆಂದು ಬಹಳ ಮಂದಿ ತಿಳಿದರು.

ಸಾಮಾನು ಕಟ್ಟುವಾಗ ನಿದಾಲ್ ಒದ್ದೆ ಅಂಗಿಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕೂತ. ಅವನಿಗೆ ಇಯರ್‌ಫೋನಿನ ತಂತಿಯ ಮೇಲೆ ಅನುಮಾನವಿತ್ತು. ತಂತಿ ಸರಿಯಿತ್ತು. ಕೊನೆಯ ಹಾಡನ್ನು ತೆರೆದ. ಸ್ವಲ್ಪ ಹೊತ್ತು ನೋಡಿದ.

"ಮಕ್ರಮ್."

"ಹ್ಞೂಂ."

"ನನ್ನ ಕಿವಿಗೆ ಬೇಸು ಯಾಕೆ ಸೊನ್ನೇಲಿದೆ?"

ಮಕ್ರಮ್ ಕೇಬಲನ್ನು ಮೊಣಕೈಗೆ ಸುತ್ತುತ್ತಿದ್ದ. ಸುತ್ತುವುದನ್ನು ನಿಲ್ಲಿಸಲಿಲ್ಲ.

"ಕೈ ತಾಗಿ ಇಳೀತು ಅನ್ನು," ಎಂದ ನಿದಾಲ್. "ನಂಬ್ತೀನಿ. ವಲ್ಲಾಹಿ, ದೇವರಾಣೆಗೂ ನಂಬ್ತೀನಿ. ಒಂದ್ಸಲ ಹೇಳು ಸಾಕು."

"ನಾನೇ ಇಳಿಸ್ದೆ."

ಓಲ್ಫಾ ಬೇಸನ್ನು ಚೀಲಕ್ಕೆ ಹಾಕುತ್ತಿದ್ದವಳು ಜಿಪ್ಪನ್ನು ಅರ್ಧದಲ್ಲಿ ನಿಲ್ಲಿಸಿದಳು.

"ಯಾಕೆ?"

"ಮೊದ್ಲ ನಾಲ್ಕು ನಿಮಿಷ ನೀನು ಹೆಂಗೆ ಬಾರ್ಸಿದೆ ಗೊತ್ತಾ?" ಎಂದ ಮಕ್ರಮ್. "ಮೊದ್ಲಿನ ಥರ. ಲಸ್ಸಾದ್ ಇದ್ದಾಗಿನ ಥರ. ನನ್ನ ಜೊತೆ ಇದ್ದೆ ನೀನು."

"ಬೇರೇನೂ ಕೇಳಿಸ್ತಿರ್ಲಿಲ್ವಲ್ಲೋ, ಕತ್ತೆ!"

ಹೊರಗೆ ಯಾವನೋ ಕರಿದ ಬಂಬಲೂನಿ ಮಾರುವವನು ಬಿಸಿ ಬಿಸಿ ಎಂದು ಕೂಗಿಕೊಂಡು ಹೋದ. ಓಲ್ಫಾ ಜಿಪ್ಪನ್ನು ಪೂರ್ತಿ ಎಳೆದಳು.

"ಇವನನ್ನ ನೀನೇ ಇಟ್ಕೊಳ್ಳಪ್ಪಾ," ಎಂದಳು ಮಕ್ರಮ್‌ಗೆ. "ಇವನ ಅಳು, ಇವನ ಸಿಗರೇಟು, ಇವನಪ್ಪನ ಟಯರು, ಎಲ್ಲಾ ನಿನಗೆ. ನನಗೆ ಆ ಬಲಗಾಲು ಸಾಕು."

ನಿದಾಲ್ ನಗಲಿಲ್ಲ. ಅವಳು ಅವನನ್ನು ನಗಿಸಲು ನೋಡಿ ನಗಿಸಲಾಗದೆ ಹೋದದ್ದು ಅದೇ ಮೊದಲು. ಮಕ್ರಮ್ ಅದನ್ನು ಗಮನಿಸಿದ. ಅವನ ಎದೆಯಲ್ಲಿ ಸಣ್ಣದೊಂದು ಸಂತೋಷ ಎದ್ದಿತು. ಅದು ಎದ್ದದ್ದೂ ಅವನಿಗೆ ತಿಳಿಯಿತು.

ಡ್ರಮ್ ಸಾಗಿಸುತ್ತಿದ್ದುದು ಟಯರ್ ಅಂಗಡಿಯ ಪಿಕಪ್ಪಿನಲ್ಲಿ. ಮುಂದೆ ಚಾಲಕನ ಪಕ್ಕದ ಸೀಟು ಯಾವಾಗಲೂ ಮಕ್ರಮ್‌ನದು. ಆ ಸಂಜೆ ನಿದಾಲ್ ಸಣ್ಣ ಡ್ರಮ್ಮನ್ನು ಆ ಸೀಟಿನ ಮೇಲಿಟ್ಟು ಬೆಲ್ಟ್ ಕಟ್ಟಿದ. "ಹಿಂದೆ ಜಾಗ ಇಲ್ಲ," ಎಂದ. ಹಿಂದೆ ಜಾಗ ಇತ್ತು. ಮಕ್ರಮ್ ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ನಿಲ್ದಾಣಕ್ಕೆ ನಡೆದ. ರೈಲಿನಲ್ಲಿ ಕಪ್ಪು ಅಂಗಿಯ ಇಬ್ಬರು ಹುಡುಗಿಯರು ಅವನ ಎದುರಿಗೆ ಕೂತು ಬೇಸ್ ಬಗ್ಗೆ ಮಾತಾಡುತ್ತಿದ್ದರು. ಅವನ ಗುರುತು ಅವರಿಗೆ ಸಿಗಲಿಲ್ಲ. ಎಝ್ಝಹ್ರಾ ಬಂದಾಗ ಇಳಿದ.

ಮುಂದಿನ ಎರಡು ಭಾನುವಾರ ಅಭ್ಯಾಸ ನಡೆಯಲಿಲ್ಲ. ಮೂರನೆಯ ಭಾನುವಾರ ಎಲ್ಲರೂ ಬಂದರು. ಲ್ಯಾಪ್‌ಟಾಪನ್ನು ಗಸ್ಸಾನ್ ವಶಕ್ಕೆ ಕೊಡುವುದೆಂದು ತೀರ್ಮಾನವಾಯಿತು. ಮಕ್ರಮ್ ಅದರ ಚಾರ್ಜರನ್ನೂ ತಂದುಕೊಟ್ಟ. ಲೆಲ್ಲಾ ಮೊಂಜಿಯಾ ಕಿಟಕಿ ತೆರೆದೇ ಇಟ್ಟಳು.

ಸೆಪ್ಟೆಂಬರಿನಲ್ಲಿ "ಏಳನೆಯ ಬಾವಿ"ಯ ಧ್ವನಿಮುದ್ರಣವಾಯಿತು. ಓಲ್ಫಾ ಮತ್ತು ನಿದಾಲ್ ಒಂದೇ ಕೋಣೆಯಲ್ಲಿ, ಕ್ಲಿಕ್ ಇಲ್ಲದೆ, ಮೊದಲು ಬಾರಿಸಿದರು. ಗಿಟಾರನ್ನು ಕೊನೆಗೆ ಸೇರಿಸಲಾಯಿತು. ಮಕ್ರಮ್ ಅವರಿಬ್ಬರ ಮುದ್ರಣವನ್ನು ಕಿವಿಯಲ್ಲಿಟ್ಟುಕೊಂಡು ಒಬ್ಬನೇ ಕೂತು ಬಾರಿಸಿದ. ಆ ದಿನ ಅವರಿಬ್ಬರೂ ಸ್ಟುಡಿಯೋಗೆ ಬಂದಿರಲಿಲ್ಲ. ಅವರ ಕೆಲಸ ಮುಗಿದಿತ್ತು.